ಆಣಂದ ಪ್ರವಾಸದ ಹಳೆಯ ಫೋಟೋಗಳು ಮತ್ತು ನಮ್ಮ ಸಂಘ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ನಿಮಿತ್ತ ಸ್ಮರಣ ಸಂಚಿಕೆ ತರಬೇಕೆಂದು ಆಡಳಿತ ಮಂಡಳಿಯಲ್ಲಿ ಠರಾವು ಆಯಿತು. ಸಂಘದ ಇತಿಹಾಸ ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಎಸ್.ಎಸ್.ಎಲ್.ಸಿ. ತನಕ ಓದಿ ಹೊಲ ಹಿಡಿದವರು ನಾವು; ಹಂಗಾಗಿ ಪಂಡಿತರ ಬರವಣಿಗೆಯನ್ನು ಓದುಗ ಬಂಧುಗಳು ಇಲ್ಲಿ ಹುಡುಕಬಾರದು. ಮೊದಲಿಗೆ ಠರಾವು ಪುಸ್ತಕಗಳನ್ನು ತೆಗೆದು ಕೂತೆವು. ಅದರಾಗ ಎಲ್ಲಾ ಪುಟದಾಗೂ ಒಂದೇ ಮಾತು: "ಚರ್ಚಿಸಿ ಸರ್ವಾನುಮತದಿಂದ ಒಪ್ಪಲಾಯಿತು." ಆವತ್ತು ಯಾರು ಎದ್ದು ಹೋದರು, ಯಾರು ಟೇಬಲ್ ಗುದ್ದಿದರು, ಯಾರು ಮಾರನೇ ದಿನ ಹಾಲು ಹಾಕಲಿಲ್ಲ, ಅದ್ಯಾವುದೂ ಇಲ್ಲ. ಅದೇ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಆಲ್ಬಮ್ ಇತ್ತು. 2003ನೇ ಇಸವಿ ಡಿಸೆಂಬರಿನಲ್ಲಿ ಸಂಘದ ಹದಿನಾರು ಜನ ಗುಜರಾತಿನ ಆಣಂದಕ್ಕೆ ಹೋಗಿ ಬಂದ ಪ್ರವಾಸದ ಫೋಟೋಗಳು. ಠರಾವು ಪುಸ್ತಕಕ್ಕಿಂತ ಆಲ್ಬಮ್ಮೇ ಹೆಚ್ಚು ಮಾತಾಡಿತು ಅಂತ ನಮಗೆ ಅನಿಸಿದ್ದರಿಂದ ಅದನ್ನೇ ಹಿಡಿದು ಬರೆಯುತ್ತಿದ್ದೇವೆ.

36 ಫೋಟೋ ಬರುವ ಎರಡು ರೀಲು ಹಾಕಿದ್ದೆವು. ಈಗ ಉಳಿದಿರುವುದು 41. ಕೆಲವಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಕೊಂಡು ಬಣ್ಣ ಕಿತ್ತು ಬಂದಿದೆ, ಒಂದರ ಮೂಲೆಯನ್ನು ಗೆದ್ದಲು ತಿಂದಿದೆ. ಕ್ಯಾಮೆರಾ ಹಾವೇರಿಯ ಒಂದು ಸ್ಟುಡಿಯೋದಿಂದ ಕೇಳಿ ತಂದ ಯಾಶಿಕಾ. ಆಗ ನಮಗೆ ಇಪ್ಪತ್ತೆರಡು ವರ್ಷ. ಗುಂಪಿನಾಗ ಎಲ್ಲರಿಗಿಂತ ಸಣ್ಣವರು, ಹಿಂಗಾಗಿ ಚೀಲ ಹೊರುವುದು, ನಿಲ್ದಾಣ ಬಂದಾಗ ಇಳಿದು ನೀರು ತುಂಬುವುದು, ಫೋಟೋ ಹೊಡೆಯುವುದು ಎಲ್ಲಾ ನಮ್ಮ ಕಡೆ. ಯಾವ ಫೋಟೋದಲ್ಲೂ ನಾವು ಇಲ್ಲದಿರುವುದಕ್ಕೆ ಕಾರಣ ಇಷ್ಟೇ.

ಆಲ್ಬಮ್ಮಿನ ಮೊದಲ ಮೂರು ಫೋಟೋ ಮಾತ್ರ ಆಣಂದದವಲ್ಲ. 1999ರಲ್ಲಿ ಸಂಘದ ನೋಂದಣಿಗಾಗಿ ಓಡಾಡುತ್ತಿದ್ದ ಹಿರಿಯರು ಒಂದು ದಿನ ಟೆಂಪೋ ಮಾಡಿಕೊಂಡು ಗದಗ ತಾಲೂಕಿನ ಕಣಗಿನಹಾಳಕ್ಕೆ ಹೋಗಿದ್ದರು. "ದೇವರ ಕೆಲಸಾ ಮಾಡೂ ಮೊದಲು ಕುಲದೇವರಿಗೆ ಹೋಗಿ ಬರೂದಿಲ್ಲೇನ್ರೀ, ಹಂಗ ಇದು" ಅಂದಿದ್ದರಂತೆ ನಮ್ಮ ಮೊದಲ ಅಧ್ಯಕ್ಷರು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತನದಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಏಷ್ಯಾ ಖಂಡದಲ್ಲಿಯೇ ಮೊದಲನೆಯದು ಎಂದು ಸಹಕಾರಿಗಳೆಲ್ಲ ಹೆಮ್ಮೆಯಿಂದ ಹೇಳುವ ಸಂಘವದು.

ಆ ಸಂಘ ಯಾಕೆ ಹುಟ್ಟಿತು ಅನ್ನುವುದನ್ನು ನಮ್ಮ ಹುಡುಗರಿಗೆ ತಿಳಿಸಬೇಕು. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದೊಳಗಿತ್ತು. ಹಾವೇರಿ, ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅದೇ ಪ್ರಾಂತದ ಪುಣೆ, ಅಹಮದನಗರ ಕಡೆ 1875ರಲ್ಲಿ ರೈತರು ದಂಗೆ ಎದ್ದು ಸಾವುಕಾರರ ಮನೆಯ ಸಾಲಪತ್ರ ಹೊರಗೆಳೆದು ಸುಟ್ಟಿದ್ದರು. ಸಾಲಕ್ಕೆ ಹೊಲ ಹೋಗುವುದು, ಬಡ್ಡಿಗೆ ಬಡ್ಡಿ ಬೆಳೆಯುವುದು ಆವತ್ತಿನ ಕತೆ. ರೈತರೇ ಸೇರಿ ತಮ್ಮ ಹಣ ತಾವೇ ಕೂಡಿಸಿ ತಮಗೆ ತಾವೇ ಸಾಲ ಕೊಟ್ಟುಕೊಳ್ಳುವ ಪದ್ಧತಿ ಜರ್ಮನಿಯಲ್ಲಿ ನಡೆದಿತ್ತು. ಅದನ್ನು ನೋಡಿ ಇಲ್ಲಿಯೂ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಕಾಯ್ದೆ ಬಂದ ಮರುವರ್ಷವೇ ಕಣಗಿನಹಾಳದವರು ಸಂಘ ಕಟ್ಟಿದರು. ನಮ್ಮ ಫೋಟೋದಲ್ಲಿ ಹಿರಿಯರು ಆ ಊರಾಗ ಕಟ್ಟೆಯ ಮೇಲೆ ಸಾಲಾಗಿ ಕುಂತಿದ್ದಾರೆ, ಎಲ್ಲರ ತಲೆಯ ಮೇಲೂ ಟೊಪಿಗಿ, ಒಬ್ಬರ ಮುಖದಾಗೂ ನಗಿ ಇಲ್ಲ. ಆ ಕಾಲದವರಿಗೆ ಫೋಟೋ ಅಂದರೆ ಉಸಿರು ಹಿಡಿದು ಕೂಡುವುದು. ಬರುವಾಗ ಗದಗಿನ ವೀರನಾರಾಯಣ ಗುಡಿಗೆ ಹೋಗಿ, ಕುಮಾರವ್ಯಾಸ ಒರಗಿ ಕೂತು ಭಾರತ ಬರೆದನೆಂದು ಹೇಳುವ ಕಂಬದ ಹತ್ತಿರ ಒಂದು ಫೋಟೋ ತೆಗೆಸಿದ್ದಾರೆ.

ಇನ್ನು ಆಣಂದದ ವಿಷಯ. 2001ರಿಂದ ಮೂರು ವರ್ಷ ಮೇಲಿಂದ ಮೇಲೆ ಬರ. ಬಾವಿ ಬತ್ತಿ, ಮೆಣಸಿನಕಾಯಿ ಗಿಡ ಮೊಣಕಾಲುದ್ದಕ್ಕೇ ನಿಂತು, ಹತ್ತಿ ಕೈಗೆ ಬಾರದೆ, ಮನೆ ನಡೆಯುತ್ತಿದ್ದದ್ದು ಹಾಲಿನ ಬಟವಾಡೆಯ ಮೇಲೆ. ಅದೇ ಹೊತ್ತಿಗೆ ಸಂಘದಾಗ ಜಗಳ. ಒಕ್ಕೂಟದವರು ಸಂಘಕ್ಕೆ ದರ ಕೊಡುತ್ತಿದ್ದದ್ದು ಹಾಲಿನ ಫ್ಯಾಟ್ ನೋಡಿ. ಸಂಘ ಸದಸ್ಯರಿಗೆ ಕೊಡುತ್ತಿದ್ದದ್ದು ಲೀಟರ್ ಲೆಕ್ಕದಲ್ಲಿ, ಎಲ್ಲರಿಗೂ ಒಂದೇ ದರ. ಮೇಲ್ನೋಟಕ್ಕೆ ಇದು ಸಮಾನತೆ. ಆದರೆ ಗಟ್ಟಿ ಹಾಲು ಹಾಕುವ ಎಮ್ಮೆಯವನಿಗೂ, ಬಾವಿ ಕಡೆ ಹೋಗಿ ಬರುವ ಹಾಲಿಗೂ ಒಂದೇ ರೊಕ್ಕ! ತಿಂಗಳ ಕೊನೆಗೆ ಒಕ್ಕೂಟದಿಂದ ಬಂದ ಹಣಕ್ಕಿಂತ ಸದಸ್ಯರಿಗೆ ಕೊಡಬೇಕಾದ ಹಣ ಹೆಚ್ಚಾಗಿ, ಸಂಘದ ಗಂಟು ಕರಗುತ್ತಾ ಹೋಯಿತು. ಲ್ಯಾಕ್ಟೋಮೀಟರ್ ಇತ್ತಲ್ಲ ಎಂದು ಕೇಳಬಹುದು. ಬರೇ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಮುಳುಗಿ ಹೇಳಿಬಿಡುತ್ತದೆ. ಆದರೆ ಕೆನೆ ತೆಗೆದರೆ ಹಾಲಿನ ತೂಕ ಏರುತ್ತದೆ, ನೀರು ಹಾಕಿದರೆ ಇಳಿಯುತ್ತದೆ. ಎರಡೂ ಮಾಡಿದವನ ಹಾಲಿನಲ್ಲಿ ಲ್ಯಾಕ್ಟೋಮೀಟರ್ ತೆಪ್ಪಗೆ ನಿಂತಿರುತ್ತದೆ. ಬುದ್ಧಿವಂತರು ಎಲ್ಲಾ ಊರಾಗೂ ಇರುತ್ತಾರೆ.

ಫ್ಯಾಟ್ ಪರೀಕ್ಷೆ ಮಾಡಿಯೇ ದರ ಕೊಡಬೇಕು ಅಂತ ಅಧ್ಯಕ್ಷರ ಪಕ್ಷ. "ನಮ್ಮ ಹಾಲಿಗೆ ಔಷಧ ಹಾಕಿ ನೋಡೂದಂದ್ರ ನಮ್ಮನ್ನ ಕಳ್ಳರು ಅಂದಂಗ" ಅಂತ ಇನ್ನೊಬ್ಬ ಹಿರಿಯ ನಿರ್ದೇಶಕರ ಪಕ್ಷ. ಅವರಿಗೆ ಊರೆಲ್ಲಾ ಕಾಕಾ ಅನ್ನುತ್ತಿದ್ದರು, ನಾವೂ ಇಲ್ಲಿ ಹಾಗೇ ಬರೆಯುತ್ತೇವೆ. ಒಂದೇ ಊರು, ಒಂದೇ ಓಣಿ, ಹೊಲದ ಬದುವೂ ಒಂದೇ ಇದ್ದ ಇಬ್ಬರೂ ನಾಲ್ಕು ತಿಂಗಳು ಮಾತು ಬಿಟ್ಟಿದ್ದರು. ಆಗ ವಿಸ್ತರಣಾಧಿಕಾರಿಯೊಬ್ಬರು, "ಇಲ್ಲಿ ಕುಂತು ಬಡಿದಾಡೂಕಿಂತ ಆಣಂದಕ್ಕ ಹೋಗಿ ಕಣ್ಣಾರೆ ನೋಡಿ ಬರ್ರಿ" ಎಂದು ಸಲಹೆ ಕೊಟ್ಟರು. ಬರಗಾಲದಾಗ ಪ್ರವಾಸ ಯಾಕ ಅಂತ ಸಭೆಯಲ್ಲಿ ಗದ್ದಲವೇ ಆಯಿತು. ಕೊನೆಗೆ ಸಂಘದ ಒಂದು ಪೈಸೆಯನ್ನೂ ಮುಟ್ಟದೆ ಹೋಗುವವರು ತಮ್ಮ ಖರ್ಚು ತಾವೇ ಹಾಕಬೇಕು ಎಂದು ನಿಶ್ಚಯವಾಯಿತು. ಒಬ್ಬರು ಒಂದು ಹೋರಿಗರು ಮಾರಿ ಬಂದಿದ್ದರು.

ಹಾವೇರಿ ರೈಲು ನಿಲ್ದಾಣದ ಫೋಟೋ ಇದೆ. ಹದಿನೈದು ಜನ ಎರಡು ಸಾಲಾಗಿ ನಿಂತಿದ್ದಾರೆ. ಅಧ್ಯಕ್ಷರು ಎಡಗಡೆ ತುದಿಗೆ, ಕಾಕಾ ಬಲಗಡೆ ತುದಿಗೆ. ನಡುವೆ ರೊಟ್ಟಿ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಒಂದು ಹಿತ್ತಾಳೆ ತಂಬಿಗೆ. ಹೆಂಗಸರು ಒಬ್ಬರೂ ಇಲ್ಲ, ಈ ಮಾತಿಗೆ ಮುಂದೆ ಬರುತ್ತೇವೆ. ಮುಂದಿನ ಎರಡು ದಿನ ಹುಬ್ಬಳ್ಳಿ, ಬೆಳಗಾವಿ, ಮಿರಜ, ಪುಣೆ, ಸೂರತ್ ದಾಟಿದ್ದು ರೈಲಿನ ಕಿಟಕಿಯಲ್ಲಿ. ಆ ಫೋಟೋಗಳೆಲ್ಲ ಅಲುಗಾಡಿ ಕೆಟ್ಟಿವೆ, ಬಿಡೋಣ.

ಆಣಂದದಲ್ಲಿ ಮೊದಲ ಫೋಟೋ ಅಮುಲ್ ಡೇರಿಯ ಮುಂದೆ. ಅಷ್ಟು ದೊಡ್ಡ ಡೇರಿ ನೋಡಿ ನಮ್ಮವರು "ಇದು ಸರಕಾರದ್ದೋ, ಸಾವುಕಾರಂದೋ" ಎಂದು ಕೇಳಿದರು. ಇಬ್ಬರದೂ ಅಲ್ಲ, ಹಾಲು ಹಾಕುವವರದು ಎಂದಾಗ ನಂಬಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ಇತಿಹಾಸವನ್ನು ಆವತ್ತು ಅಲ್ಲಿ ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಸೇರಿಸಿ ಹೇಳುತ್ತೇವೆ.

ಖೇಡಾ ಜಿಲ್ಲೆಯೂ ನಮ್ಮ ಹಳೇ ಧಾರವಾಡ ಜಿಲ್ಲೆಯೂ ಆಗ ಒಂದೇ ಮುಂಬಯಿ ಪ್ರಾಂತದವು. 1945ರಲ್ಲಿ ಮುಂಬಯಿ ಪಟ್ಟಣಕ್ಕೆ ಹಾಲು ಒದಗಿಸಲು ಸರಕಾರ ಒಂದು ಯೋಜನೆ ಮಾಡಿತು, ಖೇಡಾ ಹಾಲು ಕೊಳ್ಳುವ ಹಕ್ಕು ಪೋಲ್ಸನ್ ಎಂಬ ಖಾಸಗಿ ಡೇರಿಯ ಕೈಗೆ ಹೋಯಿತು. ಹಾಲು ಹೋಗುವುದು ಮುಂಬಯಿಗೆ, ಲಾಭ ನಡುವಿನವರಿಗೆ, ರೈತನಿಗೆ ಅದೇ ಹಳೇ ದರ. ರೈತರು ಸರ್ದಾರ್ ವಲ್ಲಭಭಾಯಿ ಪಟೇಲರ ಹತ್ತಿರ ಹೋದರು. ನೀವೇ ಸಂಘ ಕಟ್ಟಿ ಹಾಲು ಮಾರಿರಿ, ಸರಕಾರ ಒಪ್ಪದಿದ್ದರೆ ಹಾಲು ಕೊಡಬೇಡಿರಿ ಎಂಬುದು ಪಟೇಲರ ಸಲಹೆ. 1946ರ ಜನವರಿ 4ರಂದು ಸಮರ್ಖಾ ಎಂಬ ಹಳ್ಳಿಯಲ್ಲಿ ಮೊರಾರ್ಜಿ ದೇಸಾಯಿಯವರ ಸಮ್ಮುಖದಲ್ಲಿ ಸಭೆ ಆಯಿತು. ಹದಿನೈದು ದಿವಸ ಖೇಡಾ ರೈತರು ಪೋಲ್ಸನ್ನಿಗೆ ಹಾಲು ಹಾಕಲಿಲ್ಲ. ಹದಿನೈದು ದಿವಸ! ಹಾಲು ಹತ್ತಿ ಅಲ್ಲ, ಮೆಣಸಿನಕಾಯಿ ಅಲ್ಲ, ದರ ಬರುವತನಕ ಮನೆಯಾಗ ಒಟ್ಟಿ ಇಡಲು ಬರುವುದಿಲ್ಲ. ಎರಡು ಹೊತ್ತು ಹಿಂಡಲೇಬೇಕು, ಹಿಂಡಿದ್ದು ಸಂಜೆಗೆ ಒಡೆಯುತ್ತದೆ. ಎಮ್ಮೆ ಕಟ್ಟಿದ ನಮಗೆ ಆ ಹದಿನೈದು ದಿನದ ಬೆಲೆ ಗೊತ್ತಾಗುತ್ತದೆ. ಕೊನೆಗೆ ಸರಕಾರ ಮಣಿಯಿತು. ಅದೇ ವರ್ಷ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ನೋಂದಣಿ ಆಯಿತು. ತ್ರಿಭುವನದಾಸ ಪಟೇಲರು ಅಧ್ಯಕ್ಷರು. ಊರಿಂದ ಊರಿಗೆ ತಿರುಗಿ ಸಂಘ ಕಟ್ಟಿದವರು ಅವರೇ.

1949ರಲ್ಲಿ ಕೇರಳದ ವರ್ಗೀಸ್ ಕುರಿಯನ್ ಅಲ್ಲಿಗೆ ಸರಕಾರಿ ಕೆಲಸಕ್ಕೆ ಬಂದರು. ಇರಲು ಮನಸ್ಸಿಲ್ಲದೆ ಬಂದವರು ತ್ರಿಭುವನದಾಸರ ಮಾತಿಗೆ ಕಟ್ಟುಬಿದ್ದು ಅಲ್ಲಿಯೇ ಉಳಿದರು. ಎಮ್ಮೆ ಹಾಲಿನಿಂದ ಪುಡಿ ಮಾಡಲು ಬರುವುದಿಲ್ಲ ಎಂದು ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ ಎಚ್.ಎಂ. ದಲಾಯಾ ಎಂಬವರು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ನೆಹರೂ ಅವರು ಆ ಪುಡಿಯ ಕಾರ್ಖಾನೆಯನ್ನು ಉದ್ಘಾಟಿಸಿದರು. ಈ ಮಾತು ಕೇಳಿದಾಗ ನಮ್ಮ ಕಾಕಾ ಮೊದಲ ಸಲ ನಕ್ಕರು: "ಹಂಗಾರ ಎಮ್ಮಿ ಗೆದ್ದಂಗಾತು!" ಅವರ ಮನೆಯಾಗ ನಾಲ್ಕು ಧಾರವಾಡಿ ಎಮ್ಮೆ ಇದ್ದವು. ಆ ತಳಿಗೆ 2021ರಲ್ಲಿ ರಾಷ್ಟ್ರಮಟ್ಟದ ಮಾನ್ಯತೆ ಬಂತು, ಅಷ್ಟೊತ್ತಿಗೆ ಕಾಕಾ ಇರಲಿಲ್ಲ.

1964ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಆಣಂದ ಹತ್ತಿರದ ಅಜರ್‌ಪುರಾ ಹಳ್ಳಿಯಲ್ಲಿ ಒಂದು ರಾತ್ರಿ ರೈತರ ಜೊತೆ ಕಳೆದು, ಇಂಥ ಸಂಘ ದೇಶವೆಲ್ಲ ಆಗಬೇಕೆಂದರು. ಮರುವರ್ಷ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ, 1970ರಲ್ಲಿ ಕ್ಷೀರಧಾರೆ ಯೋಜನೆ, 1974ರಲ್ಲಿ ನಮ್ಮ ರಾಜ್ಯದ ಡೇರಿ ಅಭಿವೃದ್ಧಿ ನಿಗಮ, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ. ನಮ್ಮ ಸಂಘದ ಕ್ಯಾನಿನ ಹಾಲು ಆ ದಾರಿಯಾಗೇ ಬಂದದ್ದು.

ಆವತ್ತು ಸಂಜೆ ನಾವು ಇಳಿದುಕೊಂಡ ಜಾಗದಲ್ಲಿ ಟೀವಿಗೆ ಕ್ಯಾಸೆಟ್ ಹಾಕಿ 'ಮಂಥನ್' ಸಿನಿಮಾ ತೋರಿಸಿದರು. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡೆರಡು ರೂಪಾಯಿ ಹಾಕಿ ಮಾಡಿಸಿದ ಸಿನಿಮಾ, ಶ್ಯಾಮ್ ಬೆನೆಗಲ್ ನಿರ್ದೇಶನ, 1976ರದು. ಹಳ್ಳಿಗೆ ಸಂಘ ಕಟ್ಟಲು ಬರುವ ಡಾಕ್ಟರಾಗಿ ನಮ್ಮ ಧಾರವಾಡದಾಗ ಓದಿದ ಗಿರೀಶ ಕಾರ್ನಾಡರು ಪಾರ್ಟು ಮಾಡಿದ್ದಾರೆ. ಹಿಂದಿ ಅರ್ಧ ತಿಳಿಯದಿದ್ದರೂ ನಮ್ಮವರಿಗೆ ಕತೆ ಪೂರ್ತಿ ತಿಳಿಯಿತು, ಯಾಕಂದರೆ ನಮ್ಮೂರದೇ ಕತೆ. ದರದ ಜಗಳ, ಫ್ಯಾಟಿನ ಅನುಮಾನ, ಮೇಲಿನವರು ಕೆಳಗಿನವರ ಸಾಲು, ಚುನಾವಣೆ. ಸಿನಿಮಾ ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. 2024ರಲ್ಲಿ ಆ ಚಿತ್ರದ ಹಳೇ ಪ್ರತಿಯನ್ನು ಸರಿಪಡಿಸಿ ಫ್ರಾನ್ಸಿನ ಕಾನ್ ಉತ್ಸವದಾಗ ತೋರಿಸಿದರೆಂದು ಪತ್ರಿಕೆಯಲ್ಲಿ ಓದಿದಾಗ ನಮಗೆ ಆ ರಾತ್ರಿ ನೆನಪಾಯಿತು.

ಇಡೀ ಆಲ್ಬಮ್ಮಿನಲ್ಲಿ ನಮಗೆ ಬಹಳ ಮುಖ್ಯ ಅನಿಸುವುದು ಮರುದಿನ ಸಂಜೆ ಅಲ್ಲಿಯ ಒಂದು ಹಳ್ಳಿಯ ಸಂಘದಲ್ಲಿ ತೆಗೆದ ಫೋಟೋ. ಬೆಳಕು ಕಡಿಮೆ ಇದ್ದು ಸ್ವಲ್ಪ ಮಸುಕಾಗಿದೆ. ಸಂಘದ ಕಟ್ಟೆಯ ಮುಂದೆ ಉದ್ದಕ್ಕೆ ಒಂದೇ ಸಾಲು. ತಲೆ ಮೇಲೆ ಸೆರಗು ಹೊದ್ದ ಹೆಂಗಸರು, ಶಾಲೆ ಹುಡುಗರು, ಮುದುಕರು, ಕೈಯಾಗ ಸ್ಟೀಲಿನ ಡಬ್ಬಿ, ಹಿತ್ತಾಳೆ ಚರಿಗೆ. ಯಾರು ಮೊದಲು ಬಂದರೋ ಅವರು ಮುಂದೆ. ಒಂದು ಬಾಟಲಿಗೆ ಪ್ರತಿಯೊಬ್ಬರ ಹಾಲಿನ ಮಾದರಿ ತೆಗೆದು ಇಡುತ್ತಿದ್ದರು, ಪರೀಕ್ಷೆ ಎಲ್ಲರ ಕಣ್ಣ ಮುಂದೆ. ಬೆಳಗಿನ ಹಾಲಿನ ರೊಕ್ಕ ಸಂಜೆ ಕೊಡುವುದು ಖೇಡಾ ಸಂಘಗಳ ಹಳೇ ಪದ್ಧತಿ. ಹೆಂಗಸೊಬ್ಬರು ನೋಟು ಎಣಿಸಿ ಸೆರಗಿನ ತುದಿಗೆ ಕಟ್ಟಿಕೊಳ್ಳುವುದು ಫೋಟೋದ ಬಲಮೂಲೆಯಲ್ಲಿ ಕಾಣುತ್ತದೆ.

ನಮ್ಮಲ್ಲಿ ಆಗ ಎರಡು ಸಾಲು ಇದ್ದವು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೇರಿಯ ಮನೆಗಳ ಹಾಲನ್ನು ಕಡೆಗೆ ಅಳೆದು ಬೇರೆ ಕ್ಯಾನಿಗೆ ಹಾಕುತ್ತಿದ್ದರು. ಲಾರಿ ಏರಿ ಶಿಥಿಲೀಕರಣ ಕೇಂದ್ರಕ್ಕೆ ಹೋದ ಮೇಲೆ ಎಲ್ಲಾ ಹಾಲೂ ಒಂದೇ ಟ್ಯಾಂಕಿಗೆ ಬೀಳುತ್ತಿತ್ತು. ಆ ಹದಿನಾರು ಜನರಲ್ಲಿ ಕೇರಿಯ ನಿರ್ದೇಶಕರು ಒಬ್ಬರಿದ್ದರು. ಅವರು ಆ ಸಾಲಿನ ಕೊನೆಗೆ ಹೋಗಿ ಸುಮ್ಮನೆ ನಿಂತು ಸಾಲಿನ ಜೊತೆ ಮುಂದೆ ಮುಂದೆ ಬಂದರು, ಕೈಯಲ್ಲಿ ಹಾಲು ಇಲ್ಲದೆ. ಯಾಕೆಂದು ಅಧ್ಯಕ್ಷರು ಕೇಳಿದ್ದಕ್ಕೆ, "ಎಷ್ಟೊತ್ತು ಹಿಡಿತೈತಿ ಅಂತ ನೋಡಿದೆ ಗೌಡ್ರ. ಹತ್ತು ಮಿನಿಟು" ಅಂದರು. ಊರಲ್ಲಿ ಅವರು ತಾಸುಗಟ್ಟಲೆ ಕಾಯುತ್ತಿದ್ದವರು.

ಆಣಂದದಿಂದ ಅಹಮದಾಬಾದಿಗೆ ಹೋಗಿ ಸಾಬರಮತಿ ಆಶ್ರಮ ನೋಡಿದೆವು. ಹೃದಯಕುಂಜದ ಜಗುಲಿಯ ಮುಂದೆ ಎಲ್ಲರೂ ಚಪ್ಪಲಿ ಬಿಟ್ಟು ನಿಂತ ಫೋಟೋ ಇದೆ. 1930ರ ಮಾರ್ಚ್ 12ರಂದು ಗಾಂಧೀಜಿ ಅಲ್ಲಿಂದ ದಂಡಿಗೆ ಹೊರಟಾಗ ಜೊತೆಗಿದ್ದವರಲ್ಲಿ ಕರ್ನಾಟಕದವರು ಒಬ್ಬರೇ, ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. ಆಗ ಅವರಿಗೆ ಹದಿನೆಂಟು ವರ್ಷ. ಆ ಪಾದಯಾತ್ರೆ ಆಣಂದ, ಬೋರಸದ ಮೇಲೇ ಹಾದು ಹೋಯಿತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಮಹಾದೇವಪ್ಪನವರು ಬಲಿಯಾದರು, ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಇದನ್ನೆಲ್ಲ ಆಶ್ರಮದ ಅಂಗಳದಾಗ ನಿಂತು ನಮಗೆ ಹೇಳಿದವರು ಕಾಕಾ. ಅವರ ತಂದೆಯವರು ಮಹಾದೇವಪ್ಪನವರನ್ನು ಕಣ್ಣಾರೆ ಕಂಡವರು. ಹೇಳುತ್ತಾ ಕಾಕಾ ಅತ್ತುಬಿಟ್ಟರು, ಅಧ್ಯಕ್ಷರು ಹೋಗಿ ಅವರ ಪಕ್ಕದಲ್ಲಿ ನಿಂತರು. ನಾಲ್ಕು ತಿಂಗಳ ನಂತರ ಅವರಿಬ್ಬರ ನಡುವೆ ಆದ ಮೊದಲ ಮಾತು "ನೀರು ಕುಡಿ" ಎಂಬುದು. ಅದೇ ಗಳಿಗೆಯಲ್ಲಿ ನಾವು ಬಟನ್ ಒತ್ತಿದ್ದು. ನಾವು ರೈಲು ಹತ್ತಿದ ಹಾವೇರಿ ನಿಲ್ದಾಣಕ್ಕೆ ಈಗ ಮಹಾದೇವಪ್ಪ ಮೈಲಾರ ಅವರದೇ ಹೆಸರಿದೆ.

ಈ ಫೋಟೋದ ಒಂದು ಪ್ರತಿ ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿದೆ. 2011ರಲ್ಲಿ ಅವರು ತೀರಿಕೊಂಡಾಗ ಬೇರೆ ಒಳ್ಳೆ ಫೋಟೋ ಸಿಗದೆ ಇದರಿಂದಲೇ ಅವರೊಬ್ಬರ ಮುಖ ತೆಗೆದು ದೊಡ್ಡದು ಮಾಡಿಸಿ ಹಾರ ಹಾಕಿದ್ದಾರೆ. ಸರಿಯಾಗಿ ನೋಡಿದರೆ ಅವರ ಎಡಭುಜದ ಮೇಲೆ ಒಂದು ಕೈಯ ನಾಲ್ಕು ಬೆರಳು ಉಳಿದಿವೆ. ಅದು ಕಾಕಾನ ಕೈ.

ಹೋಗಿ ಬಂದ ಮೇಲೆ ಎಲ್ಲಾ ಸರಿ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. 2004ರ ಫೆಬ್ರುವರಿಯಿಂದ ಫ್ಯಾಟ್ ಪರೀಕ್ಷೆ ಶುರುವಾಯಿತು. ಬ್ಯುಟಿರೋಮೀಟರ್ ಎಂಬ ಗಾಜಿನ ನಳಿಗೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು ಯಂತ್ರದಲ್ಲಿ ಐದು ಮಿನಿಟು ತಿರುಗಿಸಿದರೆ ಕೊಬ್ಬು ಮೇಲೆ ಬಂದು ನಿಲ್ಲುತ್ತದೆ, ಗೆರೆ ನೋಡಿ ಓದುವುದು. ಆಮ್ಲ ಹಾಕಿದ ಕೂಡಲೇ ನಳಿಗೆ ಸುಡುತ್ತದೆ. ನಮ್ಮ ಟೆಸ್ಟರ್ ಅವರ ಪ್ಯಾಂಟಿಗೆ ತೂತು ಬೀಳದ ವಾರವಿರಲಿಲ್ಲ. ಮೊದಲ ಬಟವಾಡೆಗೆ ಊರಾಗಿನ ಇಬ್ಬರು ದೊಡ್ಡ ಮನುಷ್ಯರ ರೊಕ್ಕ ಇಳಿಯಿತು, ಒಂದೇ ಎಮ್ಮೆ ಕಟ್ಟಿದ ವಿಧವೆ ಅಕ್ಕನೊಬ್ಬರ ರೊಕ್ಕ ಏರಿತು. ಒಂದೇ ಸಾಲು, ಒಂದೇ ಕ್ಯಾನು ಎಂಬ ನಿಯಮ ಮಾಡಿದ ತಿಂಗಳಿಗೆ ಹನ್ನೊಂದು ಮನೆಯವರು ಸಂಘ ಬಿಟ್ಟು ಒಬ್ಬ ಖಾಸಗಿ ಹಾಲಿನ ವ್ಯಾಪಾರಿಗೆ ಹಾಕತೊಡಗಿದರು. ಆ ದಿನಗಳಲ್ಲಿ ಅವರ ಮನೆಗೆ ಹೋಗಿ ಕುಂತು, "ಬರ್ರಪಾ, ನಾನೂ ಇದಕ್ಕ ಬ್ಯಾಡ ಅಂದಾಂವ, ನೋಡಿ ಬಂದೇನಿ" ಎಂದು ಹೇಳಿದವರು ಅಧ್ಯಕ್ಷರಲ್ಲ, ಕಾಕಾ. ಮಳೆಗಾಲ ಬಂದು ಹಾಲು ಹೆಚ್ಚಾದಾಗ ಆ ವ್ಯಾಪಾರಿ ದರ ಇಳಿಸಿ, ಕೊನೆಗೆ ಬರುವುದನ್ನೇ ಬಿಟ್ಟ. ಒಂಬತ್ತು ಮನೆ ವಾಪಸು ಬಂದವು. ಎರಡು ಇವತ್ತಿಗೂ ಬಂದಿಲ್ಲ.

ಹೆಂಗಸರ ಮಾತು ಬಾಕಿ ಇತ್ತು. ಫೋಟೋ ತೊಳೆದು ಬಂದ ಮೇಲೆ ಆಲ್ಬಮ್ ಮನೆಮನೆ ತಿರುಗಿತು. ಅಧ್ಯಕ್ಷರ ಮನೆಯವರು, ನಾವು ಅವ್ವಾರು ಅನ್ನುತ್ತಿದ್ದೆವು, ಆ ಗುಜರಾತಿನ ಸಾಲಿನ ಫೋಟೋವನ್ನು ಬಹಳ ಹೊತ್ತು ನೋಡಿ, ಆಮೇಲೆ ಹಾವೇರಿ ನಿಲ್ದಾಣದ ಫೋಟೋ ನೋಡಿ ಕೇಳಿದರು: "ಹದಿನಾರು ಮಂದಿ ಹೋಗಿದ್ರಲ್ಲ, ಇದರಾಗ ಎಮ್ಮಿ ಹಿಂಡಾವ್ರು ಯಾರು?" ಅಧ್ಯಕ್ಷರು ಕಿಟಕಿ ಕಡೆ ಮುಖ ಮಾಡಿದರು. ಸಂಘದ ಷೇರು ಆಗ ಬಹುತೇಕ ಗಂಡಸರ ಹೆಸರಿನಲ್ಲೇ ಇದ್ದವು. ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಹೆಂಗಸರ ಹೆಸರಿಗೆ ಸದಸ್ಯತ್ವ ಆದವು, ಮೊದಲನೆಯವರು ಅವ್ವಾರೇ. ಸಹಕಾರಿ ಸಂಘಗಳ ಕುರಿತಾದ ಸಂವಿಧಾನದ 97ನೇ ತಿದ್ದುಪಡಿ 2012ರಲ್ಲಿ ಜಾರಿಗೆ ಬಂದು ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಾಗುವ ಹೊತ್ತಿಗೆ ನಮ್ಮಲ್ಲಿ ನಿಲ್ಲಲು ಹೆಂಗಸರನ್ನು ಹುಡುಕಿಕೊಂಡು ಹೋಗಬೇಕಾಗಲಿಲ್ಲ.

ಈಗ ಹಾಲು ಪರೀಕ್ಷೆ ಯಂತ್ರ ಮಾಡುತ್ತದೆ, ಚೀಟಿ ತಾನೇ ಬರುತ್ತದೆ, ರೊಕ್ಕ ಬ್ಯಾಂಕಿಗೆ ಹೋಗುತ್ತದೆ. ಕುರಿಯನ್ನರು 2012ರ ಸೆಪ್ಟೆಂಬರ್ 9ರಂದು ತೀರಿಕೊಂಡ ದಿನ ಸಂಘದಲ್ಲಿ ಸಣ್ಣ ಶೋಕಸಭೆ ಮಾಡಿದೆವು, ಆ ಹದಿನಾರು ಜನರಲ್ಲಿ ಅಂದು ಬಂದವರು ಹತ್ತು. ಇವತ್ತು ಉಳಿದವರು ಏಳು.

ಬೆಳ್ಳಿಹಬ್ಬದ ದಿವಸ ಆಲ್ಬಮ್ಮನ್ನು ಸಂಘದ ಕಚೇರಿಯಲ್ಲಿ ಎಲ್ಲರೂ ನೋಡುವ ಹಾಗೆ ಇಡುತ್ತೇವೆ. ಪ್ರತಿ ಫೋಟೋದ ಕೆಳಗೆ ಹೆಸರು ಬರೆದಿದ್ದೇವೆ. ಅಮುಲ್ ಡೇರಿಯ ಮುಂದಿನ ಫೋಟೋದಲ್ಲಿ ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿ ನಿಂತ ಒಬ್ಬರ ಗುರುತು ಮಾತ್ರ ನಮಗೂ ಉಳಿದವರಿಗೂ ಸಿಕ್ಕಿಲ್ಲ. ನಮ್ಮ ಜೊತೆ ಬಂದವರೋ, ಅಲ್ಲಿಯವರೇ ಬಂದು ನಿಂತರೋ ತಿಳಿಯದು. ಯಾರಿಗಾದರೂ ಗುರುತು ಹತ್ತಿದರೆ ಕಾರ್ಯದರ್ಶಿಗಳಿಗೆ ತಿಳಿಸಬೇಕು. ಹಾಗೆಯೇ ಆ ಎರಡು ರೀಲಿನ ಫೋಟೋಗಳನ್ನು ಆಗ ನೋಡಲು ಒಯ್ದು ಮನೆಯಲ್ಲೇ ಇಟ್ಟುಕೊಂಡವರು ದಯಮಾಡಿ ತಂದು ಕೊಡಬೇಕು. ಪ್ರತಿ ಮಾಡಿಸಿಕೊಂಡು ಅಸಲು ಅವರಿಗೇ ಹಿಂದಿರುಗಿಸುತ್ತೇವೆ.